ಕೊನೆಗೆ ತಿಳಿದವನು

ಒಂದು ಮಾತು ಬಹಳ ವರ್ಷಗಳಿಂದ ನನ್ನನ್ನು ಬಿಟ್ಟಿಲ್ಲ. "ಏನಿದು, ಯಾಕೆ ಹೀಗೆ ಅತ್ತಿತ್ತ ಓಡಾಡ್ತಿದ್ದೀರಿ? ಯಾಕೆ ನನ್ನನ್ನೇ ಹಾಗೆ ನೋಡ್ತಿದ್ದೀರಿ?" ಇಟಲಿಯ ಸಂಗೀತಕಾರ ಪುಚ್ಚೀನಿಯ 'ಲಾ ಬೊಹೆಮ್' ಎಂಬ ಒಪೆರಾದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ಕೊನೆಯಲ್ಲಿ ರೊಡೋಲ್ಫೊ ಎಂಬ ಬಡ ಕವಿ ತನ್ನ ಗೆಳೆಯರನ್ನು ಕೇಳುವ ಪ್ರಶ್ನೆ ಇದು. ಪ್ರೀತಿ, ಜಗಳ, ಬಾಡಿಗೆ ಬಾಕಿ, ಮೀನಿನೂಟ ಎಲ್ಲವನ್ನೂ ಅಲ್ಲಿಯವರೆಗೆ ಹಾಡಿಯೇ ಹೇಳಿದವನು ಇಲ್ಲಿಗೆ ಬಂದಾಗ ಹಾಡುವುದಿಲ್ಲ, ಬರೀ ಮಾತಾಡುತ್ತಾನೆ. ಅವನ ಬೆನ್ನ ಹಿಂದೆ ಹಾಸಿಗೆಯ ಮೇಲೆ ಅವನ ಪ್ರೇಯಸಿ ಮಿಮಿ ಆಗಲೇ ತೀರಿಕೊಂಡಿರುತ್ತಾಳೆ. ಕೋಣೆಯಲ್ಲಿರುವ ಗೆಳೆಯರಿಗೆ ಅದು ಗೊತ್ತು. ಕತ್ತಲಲ್ಲಿ ಕೂತ ಸಾವಿರಾರು ಜನಕ್ಕೆ ಗೊತ್ತು. ಅವನೊಬ್ಬನಿಗೆ ಗೊತ್ತಿಲ್ಲ.

ನಾನಿದನ್ನು ಮೊದಲು ನೋಡಿದ್ದು ವಿಯೆನ್ನಾದಲ್ಲಿ. ಕೆಲಸದ ಮೇಲೆ ಮೂರು ತಿಂಗಳು ಹೋಗಿದ್ದೆ, ಚಳಿಗಾಲ, ಸಂಜೆ ನಾಲ್ಕಕ್ಕೇ ಕತ್ತಲು. ಅಲ್ಲಿಯ ಸರ್ಕಾರಿ ಒಪೆರಾ ಮಂದಿರದಲ್ಲಿ ನಿಂತು ನೋಡುವವರಿಗೆ ಬೇರೆಯೇ ಜಾಗವಿದೆ, ಆಗ ಕೆಲವೇ ಯೂರೋಗೆ ಟಿಕೆಟ್. ಮೊದಲೇ ಹೋಗಿ ಸಾಲಿನಲ್ಲಿ ನಿಲ್ಲಬೇಕಿತ್ತು, ಒಳಗೆ ಬಿಟ್ಟ ಕೂಡಲೇ ಕಂಬಿ ಹಿಡಿದು ಕತ್ತಿನ ಮಫ್ಲರನ್ನು ಅದಕ್ಕೆ ಗಂಟು ಹಾಕಬೇಕಿತ್ತು. ಗಂಟು ಹಾಕಿದರೆ ಆ ಜಾಗ ನಿಮ್ಮದು, ಕಾಫಿ ಕುಡಿದು ಬಂದರೂ ಯಾರೂ ಮುಟ್ಟುವುದಿಲ್ಲ. ನಮ್ಮ ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುವ ಪದ್ಧತಿ ಕಂಡ ನನಗೆ ಅದು ಅರ್ಧ ಕ್ಷಣದಲ್ಲಿ ಅರ್ಥವಾಯಿತು. ರಂಗಸಜ್ಜಿಕೆ 1963ರದ್ದು, ಫ್ರಾಂಕೊ ಜೆಫಿರೆಲ್ಲಿ ಕಟ್ಟಿದ್ದು. ಆಗ ಅದರ ಸಂಗೀತ ನಡೆಸಿದವರು ಕಾರಯಾನ್. ಅದೇ ಅಟ್ಟದ ಕೋಣೆ, ಅದೇ ಕಿಟಕಿ, ಅದೇ ಹಿಮ. ಹಾಡುವವರು ಮಾತ್ರ ಬದಲಾಗುತ್ತಾ ಬಂದಿದ್ದಾರೆ.

ನನ್ನ ಪಕ್ಕದ ಕಂಬಿಗೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಇದು ಎಷ್ಟನೆಯ ಸಲ ಎಂದು ಕೇಳಿದೆ. ಲೆಕ್ಕ ಇಟ್ಟಿಲ್ಲ ಎಂದರು. ಮೂರನೆಯ ಅಂಕ ಮುಗಿದು ನಾಲ್ಕನೆಯದಕ್ಕೆ ಪರದೆ ಏಳುವ ಮೊದಲು ಅವರು ಕೈಚೀಲದಿಂದ ಇಸ್ತ್ರಿ ಮಾಡಿದ ಕರ್ಚೀಫು ತೆಗೆದು ನಾಲ್ಕು ಮಡಿಕೆ ಮಾಡಿ ಕಂಬಿಯ ಮೇಲೆ ಇಟ್ಟುಕೊಂಡರು. ಆಗಿನ್ನೂ ಅಳುವಂಥದ್ದೇನೂ ಆಗಿರಲಿಲ್ಲ. ಪರದೆ ಎದ್ದ ಮೇಲೂ ಆ ನಾಲ್ವರು ಗೆಳೆಯರು ಕುಣಿಯುತ್ತಿದ್ದರು, ಕೈಗೆ ಸಿಕ್ಕ ಇಕ್ಕಳ, ಸಲಿಕೆ ಹಿಡಿದು ಸುಳ್ಳು ಕತ್ತಿವರಸೆ ನಡೆಸಿದ್ದರು. ಅಜ್ಜಿ ನಗುತ್ತಿದ್ದರು. ಕರ್ಚೀಫು ಕಂಬಿಯ ಮೇಲೆ ಕಾಯುತ್ತಿತ್ತು.

ಅಂತ್ಯ ಇಷ್ಟು ಚೆನ್ನಾಗಿ ಗೊತ್ತಿರುವವರು ಮತ್ತೆ ಮತ್ತೆ ಯಾಕೆ ಬರುತ್ತಾರೆ? ಯಕ್ಷಗಾನಕ್ಕೆ ಹೋಗುವವರಿಗೂ ಅಭಿಮನ್ಯು ಸಾಯುತ್ತಾನೆಂದು ಗೊತ್ತಿರುತ್ತದೆ, ಆದರೂ ಬೆಳಗಿನ ತನಕ ಕೂರುತ್ತಾರೆ ಎಂದು ಮೊದಲು ಸಮಾಧಾನ ಹೇಳಿಕೊಂಡೆ. ಅದು ಸಾಲಲಿಲ್ಲ. ಅಭಿಮನ್ಯು ವೀರ, ಅವನ ಸಾವಿಗೆ ಒಂದು ಯುದ್ಧದ ತೂಕವಿದೆ. ಮಿಮಿ ಬಟ್ಟೆಯ ಮೇಲೆ ಹೂವು ಕಸೂತಿ ಹಾಕಿ ಹೊಟ್ಟೆ ಹೊರೆಯುವ ಹುಡುಗಿ. ಕೆಮ್ಮಿ ಕೆಮ್ಮಿ ಸಾಯುತ್ತಾಳೆ. ಅವಳನ್ನು ಯಾರೂ ಕೊಲ್ಲುವುದಿಲ್ಲ, ಅವಳೂ ಯಾರಿಗಾಗಿಯೂ ಪ್ರಾಣ ಕೊಡುವುದಿಲ್ಲ. ಈ ಕಥೆಯಲ್ಲಿ ಖಳನೇ ಇಲ್ಲ, ಚಳಿ ಒಂದು ಬಿಟ್ಟರೆ.

ಬೀಗದ ಕೈ

ಕಥೆ ಸಣ್ಣದು. 1830ರ ಸುಮಾರಿನ ಪ್ಯಾರಿಸ್, ಕ್ರಿಸ್‌ಮಸ್ ಹಿಂದಿನ ರಾತ್ರಿ. ಒಲೆಗೆ ಸೌದೆಯಿಲ್ಲದೆ ರೊಡೋಲ್ಫೊ ತಾನೇ ಬರೆದ ನಾಟಕದ ಹಸ್ತಪ್ರತಿ ಸುಡುತ್ತಾನೆ. ಗೆಳೆಯರು ಹೊರಗೆ ಹೋದ ಮೇಲೆ ಪಕ್ಕದ ಕೋಣೆಯ ಹುಡುಗಿ ಬಾಗಿಲು ತಟ್ಟುತ್ತಾಳೆ, ಅವಳ ಮೇಣದಬತ್ತಿ ಆರಿಹೋಗಿದೆ. ಹಚ್ಚಿಕೊಂಡು ಹೊರಟವಳು ಬೀಗದ ಕೈ ಬೀಳಿಸಿಕೊಂಡೆ ಎಂದು ತಿರುಗಿ ಬರುತ್ತಾಳೆ. ಬತ್ತಿ ಮತ್ತೆ ಆರುತ್ತದೆ. ಇಬ್ಬರೂ ಕತ್ತಲಲ್ಲಿ ನೆಲ ತಡಕಾಡುತ್ತಾರೆ. ಕೀ ಅವನ ಕೈಗೆ ಸಿಗುತ್ತದೆ, ಅವನು ಸದ್ದಿಲ್ಲದೆ ಜೇಬಿಗೆ ಹಾಕಿಕೊಂಡು ಇನ್ನೂ ಹುಡುಕುವವನಂತೆ ಇರುತ್ತಾನೆ. ಆಮೇಲೆ ಅವಳ ಕೈ ಸಿಗುತ್ತದೆ. "ಎಷ್ಟು ತಣ್ಣಗಿದೆ ಈ ಪುಟ್ಟ ಕೈ" ಎಂದು ಹಾಡು ಶುರುವಾಗುವುದು ಅಲ್ಲಿಂದ. ಮೊದಲ ಸಲ ನೋಡುವವರಿಗೆ ಅದು ಪ್ರೇಮದ ಹಾಡು. ಎರಡನೆಯ ಸಲ ಬಂದವರಿಗೆ ಆ 'ತಣ್ಣಗೆ' ಎಂಬ ಮಾತೇ ಸಾಕು.

ಆದರೆ ಕೀಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕೊನೆಯ ಅಂಕದಲ್ಲಿ, ಸಾಯುವ ಸ್ವಲ್ಪ ಮುಂಚೆ, ಮಿಮಿ ಆ ರಾತ್ರಿಯನ್ನು ನೆನೆಸಿಕೊಳ್ಳುತ್ತಾಳೆ. ಈಗ ಹೇಳಿದರೆ ತಪ್ಪಿಲ್ಲ ಬಿಡಿ, ಅವತ್ತು ಕೀ ನಿಮಗೆ ಬಹಳ ಬೇಗ ಸಿಕ್ಕಿತ್ತು ಎನ್ನುತ್ತಾಳೆ. ಅಂದರೆ ಅವಳಿಗೆ ಗೊತ್ತಿತ್ತು. ತಾನು ಬಚ್ಚಿಟ್ಟೆ ಎಂದು ಅವನು ಅಂದುಕೊಂಡಿದ್ದ, ಅವಳು ಗೊತ್ತಿದ್ದೂ ಹುಡುಕುತ್ತಲೇ ಇದ್ದಳು. ಈ ಸಾಲನ್ನು ನಾನು ಬಹಳ ದಿನ ಗಮನಿಸಿರಲಿಲ್ಲ. ಗಮನಿಸಿದ ಮೇಲೆ ಇಡೀ ಒಪೆರಾ ನನ್ನ ಕಣ್ಣೆದುರು ಬೇರೆಯಾಯಿತು. ಇದು ಗೊತ್ತಿದ್ದೂ ಗೊತ್ತಿಲ್ಲದವರಂತೆ ಇರುವವರ ಕಥೆ. ಆ ಸಣ್ಣ ನಟನೆಯಲ್ಲೇ ಇವರ ಪ್ರೀತಿಯೆಲ್ಲ ಇದೆ.

ನೋಡುತ್ತಾ ಹೋಗಿ. ಗೆಳೆಯರೆಲ್ಲ ಹೊರಗೆ ಹೋದ ಮೇಲೆ ಮಿಮಿ ಕಣ್ಣು ಬಿಟ್ಟು ಕೇಳುವ ಮೊದಲ ಮಾತು, "ಹೋದರಾ? ನಾನು ನಿದ್ದೆ ಬಂದವಳ ಹಾಗೆ ಸುಮ್ಮನಿದ್ದೆ." ಅವನ ಜೊತೆ ಒಂಟಿಯಾಗಿರಲು ಅವಳು ನಿದ್ದೆ ನಟಿಸಿದ್ದಾಳೆ, ಅವಳು ಒಂಟಿಯಾಗಿರಲಿ ಎಂದೇ ಅವರು ಕೆಲಸದ ನೆಪ ಮಾಡಿಕೊಂಡು ಹೊರಬಿದ್ದಿದ್ದಾರೆ. ಗುಂಪಿನ ಗೆಳತಿ ಮುಸೆಟ್ಟಾ ತನ್ನ ಓಲೆ ಬಿಚ್ಚಿ ಮಾರಲು ಕೊಡುತ್ತಾಳೆ, ಕೈ ಬೆಚ್ಚಗಿಟ್ಟುಕೊಳ್ಳುವ ತುಪ್ಪಳದ ಮಫ್ ಒಂದನ್ನು ತಂದುಕೊಡುತ್ತಾಳೆ. ಇದು ರೊಡೋಲ್ಫೊ ಕೊಡಿಸಿದ್ದಾ ಎಂದು ಮಿಮಿ ಕೇಳಿದಾಗ ಹೌದು ಎಂದುಬಿಡುತ್ತಾಳೆ. ದುಂದು ಮಾಡಿದೆ ಎಂದು ಮಿಮಿ ಅವನನ್ನು ಪ್ರೀತಿಯಿಂದ ಬೈಯುತ್ತಾಳೆ. ಅವನು ಅಳುತ್ತಾನೆ. ಎದುರು ಮಾತಾಡಿ ಆ ಸುಳ್ಳನ್ನು ಕೆಡಿಸುವುದಿಲ್ಲ.

ಇಂಥ ಒಂದೊಂದನ್ನೂ ಪುಚ್ಚೀನಿ ಎಲ್ಲಿ ಬೇಕೋ ಅಲ್ಲಿಗೆ ಅಳೆದು ಇಟ್ಟಿದ್ದಾನೆ. ಸುಲಭವಾಗಿ ಆದದ್ದಲ್ಲ ಇದು. ಕಥೆಯ ಕಟ್ಟು ಲುಯಿಜಿ ಇಲ್ಲೀಕಾನದು, ಪದ್ಯ ಜುಸೆಪ್ಪೆ ಜಕೋಜಾನದು. ಪುಚ್ಚೀನಿ ತಿದ್ದಿಸಿದ್ದನ್ನೇ ತಿದ್ದಿಸಿ ತಿದ್ದಿಸಿ ಜಕೋಜಾ ಬೇಸತ್ತು ನಾನು ಬಿಡುತ್ತೇನೆ ಎನ್ನುವ ತನಕ ಹೋಗಿದ್ದ. ಇಲ್ಲೀಕಾ ಬರೆದ ಒಂದು ಇಡೀ ಅಂಕವನ್ನೇ, ಮನೆಯ ಅಂಗಳದಲ್ಲಿ ನಡೆಯುವ ಔತಣವನ್ನು, ಪುಚ್ಚೀನಿ ಬೇಡವೆಂದು ಎತ್ತಿ ಹಾಕಿದ. ಉಳಿದದ್ದರಲ್ಲಿ ಒಂದು ಮಾತೂ ದಂಡವಿಲ್ಲ.

ಮರದ ಹಿಂದೆ ನಿಂತವಳು

ಮೂರನೆಯ ಅಂಕವನ್ನು ಬಿಟ್ಟು ಈ ಒಪೆರಾದ ಬಗ್ಗೆ ಮಾತಾಡುವವರನ್ನು ಕಂಡರೆ ನನಗೆ ಆಶ್ಚರ್ಯ. ನನ್ನ ಮಟ್ಟಿಗೆ ಇದರ ಹೃದಯ ಇರುವುದೇ ಅಲ್ಲಿ. ಫೆಬ್ರವರಿಯ ನಸುಕು, ಊರ ಗಡಿಯ ಸುಂಕದ ಕಟ್ಟೆ, ಹಿಮ. ಕೊಳಲು ಮತ್ತು ಹಾರ್ಪ್ ಎರಡೇ ಎರಡು ಸ್ವರಗಳ ಬರಿದಾದ ಜೋಡಿಗಳನ್ನು ಮೇಲಿನಿಂದ ಕೆಳಗೆ ಇಳಿಸುತ್ತಾ ಬರುತ್ತವೆ. ಹಿಮ ಬೀಳುವುದು ಕಿವಿಗೆ ಕೇಳುತ್ತದೆ. ರೊಡೋಲ್ಫೊ ಮಿಮಿಯನ್ನು ಬಿಟ್ಟು ಬಂದಿದ್ದಾನೆ. ಯಾಕೆಂದು ಗೆಳೆಯ ಮಾರ್ಚೆಲ್ಲೊ ಕೇಳಿದರೆ ಮೊದಲು ಅವಳ ಮೇಲೆಯೇ ದೂರು, ಅವಳು ಕಂಡವರ ಜೊತೆ ಸಲಿಗೆ ಮಾಡುತ್ತಾಳೆ ಅಂತ. ಮಾರ್ಚೆಲ್ಲೊ ನಂಬುವುದಿಲ್ಲ. ಆಗ ನಿಜ ಹೊರಬರುತ್ತದೆ. ಅವಳಿಗೆ ಕಾಯಿಲೆ, ದಿನದಿನಕ್ಕೆ ಕುಗ್ಗುತ್ತಿದ್ದಾಳೆ, ನನ್ನ ಕೋಣೆ ಒಂದು ಗುಹೆ, ಬೆಂಕಿಯಿಲ್ಲ, ಗಾಳಿ ನುಗ್ಗುತ್ತದೆ, ನನ್ನ ಬಡತನವೇ ಅವಳನ್ನು ಕೊಲ್ಲುತ್ತಿದೆ.

ಇದೆಲ್ಲವನ್ನೂ ಮಿಮಿ ಮರದ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ. ತಾನು ಸಾಯುತ್ತೇನೆ ಎಂದು ಅವಳಿಗೆ ತಿಳಿಯುವುದು ಹೀಗೆ, ಬೇರೆ ಇಬ್ಬರು ಮಾತಾಡುವುದನ್ನು ಕದ್ದು ಕೇಳಿ. ನಮಗೆ ಗೊತ್ತಿತ್ತು, ಮಾರ್ಚೆಲ್ಲೊಗೆ ಈಗ ಗೊತ್ತಾಯಿತು, ರೊಡೋಲ್ಫೊಗೆ ಯಾವಾಗಲೋ ಗೊತ್ತಿತ್ತು. ಅವಳಿಗೇ ಕೊನೆಗೆ. ಕೆಮ್ಮು ತಡೆಯಲಾಗದೆ ಸಿಕ್ಕಿಬೀಳುತ್ತಾಳೆ. ಮುಂದಿನ ಅಂಕದಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಎಲ್ಲರಿಗಿಂತ ಮೊದಲು ತಿಳಿದಿದ್ದವನು, ತಿಳಿದದ್ದನ್ನು ತಾಳಲಾರದೆ ಓಡಿದ್ದವನು, ಎಲ್ಲರಿಗಿಂತ ಕೊನೆಗೆ ತಿಳಿಯುತ್ತಾನೆ.

ಅವರಿಬ್ಬರೂ ಬೇರೆಯಾಗಲು ಒಪ್ಪುತ್ತಾರೆ, ಆದರೆ ಈಗಲ್ಲ, ಹೂ ಬಿಡುವ ಕಾಲ ಬರಲಿ ಎಂದು. ಚಳಿಗಾಲದಲ್ಲಿ ಒಂಟಿಯಾಗಿರುವುದು ಕಷ್ಟ. ಈ ಚಳಿಗಾಲ ಮುಗಿಯದೇ ಇದ್ದರೆ ಎಷ್ಟು ಚೆನ್ನ ಎನ್ನುತ್ತಾಳೆ ಮಿಮಿ. ಅವಳನ್ನು ಕೊಲ್ಲುತ್ತಿರುವುದೇ ಆ ಚಳಿ.

ಇದರ ಮೂಲ ಕಥೆ ಇದಕ್ಕಿಂತ ಕಠೋರ. ಪ್ಯಾರಿಸಿನ ಆನ್ರಿ ಮ್ಯುರ್ಜೆ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬರೆದು 1851ರಲ್ಲಿ ಪುಸ್ತಕ ಮಾಡಿದ ಬರಹಗಳವು. ಅಲ್ಲಿ ಮಿಮಿ ಆಸ್ಪತ್ರೆಯಲ್ಲಿ ಸಾಯುತ್ತಾಳೆ. ಅವಳು ಹೋದಳೆಂಬ ತಪ್ಪು ಸುದ್ದಿ ರೊಡೋಲ್ಫೊಗೆ ಮೊದಲೇ ಮುಟ್ಟುತ್ತದೆ. ಅವಳ ಹಾಸಿಗೆ ಬೇರೆ ವಾರ್ಡಿಗೆ ಬದಲಾಗಿತ್ತು ಅಷ್ಟೇ. ಬದುಕಿದ್ದಾಳೆಂದು ತಿಳಿದು ಅವನು ಓಡಿ ಬರುವಷ್ಟರಲ್ಲಿ ಅವಳು ನಿಜವಾಗಿಯೂ ಹೋಗಿರುತ್ತಾಳೆ, ಅವನು ಬರಲಿಲ್ಲವೆಂದು ಕೊರಗುತ್ತಾ. ಮೇಣದಬತ್ತಿ, ಕೀ, ತುಪ್ಪಳದ ಮಫ್ ಎಲ್ಲ ಆ ಪುಸ್ತಕದಲ್ಲಿ ಬೇರೊಬ್ಬ ಹುಡುಗಿಯವು, ಫ್ರಾನ್ಸಿನ್ ಎಂಬವಳವು. ಅವಳ ಸಾವನ್ನು ಎತ್ತಿ ಮಿಮಿಗೆ ಕೊಟ್ಟರು. ಕೊನೆಗೆ ತಿಳಿಯುವ ಗಂಡಸನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು, ಆಸ್ಪತ್ರೆಯ ಬಾಗಿಲಿನಿಂದ ತಂದು ಅದೇ ಕೋಣೆಯೊಳಗೆ, ಹಾಸಿಗೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲಿಸಿದರು.

ಎಲ್ಲರಿಗೂ ಬಾಯಿಪಾಠ

1896ರ ಫೆಬ್ರವರಿ 1ರಂದು ಟುರಿನ್‌ನ ತೆಯಾತ್ರೊ ರೆಜಿಯೊದಲ್ಲಿ ಮೊದಲ ಪ್ರದರ್ಶನ. ಸಂಗೀತ ನಡೆಸಿದವನು 28 ವರ್ಷದ ಆರ್ತುರೊ ಟೋಸ್ಕನೀನಿ. ಊರಿನ ವಿಮರ್ಶಕರು ಹೆಚ್ಚು ಮೆಚ್ಚಲಿಲ್ಲ, ಇದು ಬಹಳ ದಿನ ಉಳಿಯುವಂಥದ್ದಲ್ಲ ಎಂದು ಒಬ್ಬರು ಬರೆದರು. ಇದೇ ಕಥೆಗೆ ಲಿಯೋನ್ಕವಾಲ್ಲೊ ಕೂಡ ಸಂಗೀತ ಕೂಡಿಸುತ್ತಿದ್ದ. ಯಾರು ಮೊದಲು ಶುರು ಮಾಡಿದ್ದು ಎಂದು ಇಬ್ಬರೂ 1893ರಲ್ಲಿ ಪತ್ರಿಕೆಗಳಲ್ಲೇ ಜಗಳವಾಡಿದ್ದರು. ಜನರೇ ತೀರ್ಮಾನಿಸಲಿ ಎಂದಿದ್ದ ಪುಚ್ಚೀನಿ. ಲಿಯೋನ್ಕವಾಲ್ಲೊನ ಒಪೆರಾ ಮರುವರ್ಷ ವೆನಿಸ್‌ನಲ್ಲಿ ಬಂತು, ಈಗ ಅದನ್ನು ಆಡುವುದು ಅಪರೂಪ. ಪುಚ್ಚೀನಿಯದನ್ನು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ ಒಂದೇ 1300ಕ್ಕೂ ಹೆಚ್ಚು ಸಲ ಆಡಿದೆ, ಅಲ್ಲಿ ಬೇರೆ ಯಾವ ಒಪೆರಾವನ್ನೂ ಅಷ್ಟು ಸಲ ಆಡಿಲ್ಲ.

ಐವತ್ತು ವರ್ಷದ ನಂತರ, 1946ರಲ್ಲಿ, ಅದೇ ಟೋಸ್ಕನೀನಿ ನ್ಯೂಯಾರ್ಕಿನ ರೇಡಿಯೋಗಾಗಿ ಇದನ್ನು ಮತ್ತೆ ನಡೆಸಿದರು. ಧ್ವನಿಮುದ್ರಿಕೆ ಸಿಗುತ್ತದೆ, ಕೇಳಿ. ಗಾಯಕರ ಜೊತೆಗೆ ಒಂದು ಒಡಕು ದನಿ ಗುನುಗುವುದು ಅಲ್ಲಲ್ಲಿ ಕೇಳಿಸುತ್ತದೆ. ಅದು ಅವರದೇ, 78 ವರ್ಷದ ಮುದುಕನದು. ಅವರಿಗೆ ತಡೆದುಕೊಳ್ಳಲು ಆಗಿಲ್ಲ. ಆ ಗುನುಗು ನನಗೆ ಅನೇಕ ಶುದ್ಧ ದನಿಗಳಿಗಿಂತ ಹೆಚ್ಚು ಪ್ರೀತಿಯದು.

2014ರ ಏಪ್ರಿಲ್‌ನಲ್ಲಿ ಮೆಟ್ರೋಪಾಲಿಟನ್‌ನಲ್ಲಿ ನಡೆದದ್ದೂ ನೆನಪಾಗುತ್ತದೆ. ಲಾಟ್ವಿಯಾದ ಗಾಯಕಿ ಕ್ರಿಸ್ಟೀನೆ ಒಪೊಲಾಯಿಸ್ ಶುಕ್ರವಾರ ರಾತ್ರಿ ಅಲ್ಲಿ ಮೊದಲ ಸಲ ಮದಾಮ ಬಟರ್‌ಫ್ಲೈ ಪಾತ್ರ ಹಾಡಿದ್ದರು. ಅದೂ ಪುಚ್ಚೀನಿಯದೇ, ಕೊನೆಗೆ ಸಾಯುವ ಪಾತ್ರವೇ. ಶನಿವಾರ ಬೆಳಿಗ್ಗೆ ಫೋನು ಬಂತು, ಮಿಮಿ ಹಾಡಬೇಕಾದವರಿಗೆ ಆರೋಗ್ಯ ಸರಿಯಿಲ್ಲ. ಅಂದೇ ಮಧ್ಯಾಹ್ನ ಅವರು ಮಿಮಿ ಆದರು, ಜಗತ್ತಿನ ಚಿತ್ರಮಂದಿರಗಳಿಗೆಲ್ಲ ನೇರ ಪ್ರಸಾರ ಬೇರೆ. ಹಾಸಿಗೆ ಎಲ್ಲಿ, ಕಿಟಕಿ ಎಲ್ಲಿ, ಮಫ್ ಯಾವಾಗ ಕೈಗೆ ಬರುತ್ತದೆ ಎಂಬುದು ಸುತ್ತಲಿನ ಎಲ್ಲರಿಗೂ ಬಾಯಿಪಾಠವಿದ್ದರೆ ಮಾತ್ರ ಹೀಗೊಂದು ಆಗಲು ಸಾಧ್ಯ. ಅಷ್ಟು ಜನ ಅಷ್ಟು ಚೆನ್ನಾಗಿ ತಿಳಿದ ಒಂದು ಸಾವಿನ ನಡುವೆ ಹೋಗಿ ಮಲಗಿದರು ಆಕೆ.

ಇದೆಲ್ಲ ಕ್ಷಯದ ಕಾಲದ ಕಥೆ, ಆ ಕಾಲ ಮುಗಿಯಿತು ಎನ್ನುವವರಿದ್ದಾರೆ. ನಾನು ಮೈಸೂರಿನವನು. ನಮ್ಮೂರಿನ ಕೆ.ಆರ್.ಎಸ್. ರಸ್ತೆಯ ಕ್ಷಯದ ಆಸ್ಪತ್ರೆಗೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ, ಅರಮನೆಯ ಆ ಹೆಣ್ಣುಮಗಳನ್ನು ತೆಗೆದುಕೊಂಡದ್ದೂ ಇದೇ ಕಾಯಿಲೆ. ಚಿಕ್ಕಂದಿನಲ್ಲಿ ಅದರ ಮುಂದೆ ಬಸ್ಸು ಹೋಗುವಾಗ ಅಜ್ಜಿ ಸೆರಗು ಮೂಗಿಗೆ ಹಿಡಿಯುತ್ತಿದ್ದರು, ಕಾಯಿಲೆಯ ಹೆಸರನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಇವತ್ತಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಕ್ಷಯರೋಗಿಗಳಿರುವುದು ನಮ್ಮ ದೇಶದಲ್ಲೇ. ಈಗ ಔಷಧಿಯಿದೆ, ಗುಣವಾಗುತ್ತದೆ. ಆದರೆ ಬೆಚ್ಚಗಿನ ಕೋಣೆ, ಹೊಟ್ಟೆ ತುಂಬ ಊಟ ಇಲ್ಲದವರನ್ನು ಅದು ಇನ್ನೂ ಹುಡುಕಿಕೊಂಡು ಬರುತ್ತದೆ. ರೊಡೋಲ್ಫೊ ಸುಂಕದ ಕಟ್ಟೆಯ ಹತ್ತಿರ ಹೇಳಿದ್ದರಲ್ಲಿ ಹಳತಾದ ಮಾತು ನನಗೊಂದೂ ಕಾಣುವುದಿಲ್ಲ.

ಮೂರನೆಯ ಮಹಡಿ

ಇನ್ನು ನನ್ನದು. ವಿಯೆನ್ನಾಕ್ಕೆ ಹೋಗುವ ನಾಲ್ಕು ವರ್ಷ ಮುಂಚೆ ಅಪ್ಪ ಮೈಸೂರಿನ ಒಂದು ಆಸ್ಪತ್ರೆಯಲ್ಲಿದ್ದರು, ಹನ್ನೊಂದು ದಿನ. ಮೂತ್ರಪಿಂಡ ಕೈಕೊಟ್ಟಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು, ಅಮ್ಮನಿಗೆ ನಾನು ಹೇಳಿರಲಿಲ್ಲ. ಹತ್ತನೆಯ ದಿನ ರಾತ್ರಿ ಅಪ್ಪ, "ನಾಳೆ ನಾಳಿದ್ದರಲ್ಲಿ ಮನೆಗೆ ಕಳಿಸ್ತಾರೇನೋ. ನನ್ನ ಚಪ್ಪಲಿ ಇಲ್ಲೇ ಇದೆ ತಾನೇ?" ಎಂದು ಕೇಳಿದರು. ಇದೆ ಎಂದೆ. ಮಂಚದ ಕೆಳಗಿಂದ ತೆಗೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಸರಿ" ಎಂದು ಆ ಕಡೆ ತಿರುಗಿ ಮಲಗಿದರು. ಅವರಿಗೆ ಗೊತ್ತಿತ್ತೇ? ಮಿಮಿಯ ಕೀಯ ಮಾತು ಕೇಳಿದಾಗಲೆಲ್ಲ ನನಗೆ ಆ ಚಪ್ಪಲಿ ಕಾಣುತ್ತದೆ.

ಮಾರನೆಯ ಬೆಳಿಗ್ಗೆ ಒಂದು ಇಂಜೆಕ್ಷನ್ ತರಲು ಚೀಟಿ ಕೊಟ್ಟರು. ಕೆಳಗಿನ ಮೆಡಿಕಲ್ ಸ್ಟೋರಿನಲ್ಲಿ ಇರಲಿಲ್ಲ, ರಸ್ತೆ ದಾಟಿ ಹೋದೆ. ಸಿಕ್ಕಿತು. ಹೇಗೂ ಬಂದಿದ್ದೇನೆ ಎಂದು ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಂಡೆ. ಇಂಜೆಕ್ಷನ್ ಸಿಕ್ಕಿದ್ದಕ್ಕೆ ನನಗೆ ನಿಜವಾಗಿ ಖುಷಿಯಾಗಿತ್ತು, ಮೂರು ಮಹಡಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಮೇಲೆ ವಾರ್ಡಿನ ಹೊರಗೆ ಚಿಕ್ಕಪ್ಪ, ಸೋದರತ್ತೆ, ಪಕ್ಕದ ಮಂಚದವರ ಮಗ, ಎಲ್ಲ ನಿಂತಿದ್ದರು. ಯಾರೂ ಏನೂ ಮಾಡುತ್ತಿರಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. "ಯಾಕೆ ಎಲ್ಲಾ ಹೊರಗೆ ನಿಂತಿದ್ದೀರಿ?" ಎಂದು ಕೇಳಿದೆ. ಇಂಜೆಕ್ಷನ್ ಸಿಕ್ಕಿತು ಎಂದು ಕವರ್ ಎತ್ತಿ ತೋರಿಸಿದೆ. ಚಿಕ್ಕಪ್ಪ ಹತ್ತಿರ ಬಂದು ನನ್ನ ಕೈಯಿಂದ ಮೊದಲು ಫ್ಲಾಸ್ಕ್ ತೆಗೆದುಕೊಂಡರು.

ವಿಯೆನ್ನಾದ ಕಂಬಿ ಹಿಡಿದು ನಿಂತಿದ್ದಾಗ ಸಣ್ಣ ಪರದೆಯ ಮೇಲೆ ರೊಡೋಲ್ಫೊನ ಆ ಪ್ರಶ್ನೆ ಇಂಗ್ಲಿಷಿನಲ್ಲಿ ಮೂಡಿತು. ಮಾರ್ಚೆಲ್ಲೊ ಅವನನ್ನು ತಬ್ಬಿ ಧೈರ್ಯ ತಂದುಕೋ ಎನ್ನುತ್ತಾನೆ, ಹಿತ್ತಾಳೆ ವಾದ್ಯಗಳೆಲ್ಲ ಒಟ್ಟಿಗೆ ಸಿಡಿಯುತ್ತವೆ, ಅವನು ಎರಡು ಸಲ ಅವಳ ಹೆಸರು ಕೂಗುತ್ತಾನೆ. ಆ ಸಿಡಿದದ್ದು ಬೇರೆ ಯಾವ ರಾಗವೂ ಅಲ್ಲ, "ಹೋದರಾ?" ಎಂದು ಮಿಮಿ ಕೇಳಿದ್ದಳಲ್ಲ, ಅದೇ. ಕಟ್ಟಕಡೆಯ ಕೆಲವು ಸ್ವರಗಳು ಇನ್ನೂ ವಿಚಿತ್ರ. ಅವು ತತ್ತ್ವಜ್ಞಾನಿ ಗೆಳೆಯ ಕೊಲ್ಲೀನೆ ಔಷಧಿಗಾಗಿ ತನ್ನ ಹಳೇ ಕೋಟನ್ನು ಒತ್ತೆ ಇಡಲು ಹೊರಟಾಗ ಅದಕ್ಕೆ ವಿದಾಯ ಹೇಳಿದ ಹಾಡಿನ ಕೊನೆ. ಪ್ರೇಮಿಗಳ ರಾಗ ಬಿಟ್ಟು ಒಂದು ಕೋಟಿನ ರಾಗದಲ್ಲಿ ಪರದೆ ಬೀಳುತ್ತದೆ. ಇದು ಹೊಂದುವುದಿಲ್ಲ ಎಂದು ಹೇಳಿದವರಿದ್ದಾರೆ. ಆಸ್ಪತ್ರೆಯಿಂದ ಮನೆಗೆ ಬಂದು ಚೀಲ ಬಿಚ್ಚಿ ಒಳಗಿನ ಸಾಮಾನು ಒಂದೊಂದಾಗಿ ಹೊರಗಿಟ್ಟವರು ಹಾಗೆ ಹೇಳಲಾರರು.

ಪುಚ್ಚೀನಿ ಈ ದೃಶ್ಯ ಬರೆದು ಮುಗಿಸಿದ ರಾತ್ರಿ ಕೋಣೆಯ ನಡುವೆ ಒಬ್ಬನೇ ನಿಂತು ಮಗುವಿನಂತೆ ಅತ್ತೆ, ನನ್ನ ಸ್ವಂತ ಕೂಸೇ ಸತ್ತಂತಾಯಿತು ಎಂದು ಹೇಳಿಕೊಂಡಿದ್ದಾನೆ. ಹಸ್ತಪ್ರತಿಯಲ್ಲಿ ಮಿಮಿ ಸಾಯುವ ಜಾಗದಲ್ಲಿ ಒಂದು ತಲೆಬುರುಡೆಯ ಚಿತ್ರ ಗೀಚಿದ್ದಾನೆ. ಕೇಳುವವರಿಗೆ ಅಲ್ಲಿ ಗೊತ್ತಾಗುವುದು ಸಂಗೀತದ ಬಣ್ಣ ಮೆಲ್ಲಗೆ ಮಂಕಾಗುವುದು ಅಷ್ಟೇ. ಗಮನವಿಟ್ಟು ಕೇಳದಿದ್ದರೆ ತಪ್ಪಿಹೋಗುತ್ತದೆ. ಕೋಣೆಯಲ್ಲಿ ಆ ಹೊತ್ತಿಗೆ ಯಾರಿಗೂ ಗೊತ್ತಿಲ್ಲ. ಮುಸೆಟ್ಟಾ ಔಷಧಿ ಬಿಸಿ ಮಾಡುತ್ತಾ ಮೇರಿಮಾತೆಯನ್ನು ಬೇಡಿಕೊಳ್ಳುತ್ತಿರುತ್ತಾಳೆ.

ಅಪ್ಪ ಹೋಗಿ ಬಹಳ ವರ್ಷವಾದ ಮೇಲೆ ಒಂದು ದಿನ ಚಿಕ್ಕಪ್ಪನನ್ನು ಕೇಳಿದೆ, ನಾನು ಮೆಟ್ಟಿಲು ಹತ್ತಿ ಬರುವುದಕ್ಕೆ ಎಷ್ಟು ಹೊತ್ತು ಮುಂಚೆ ಅಂತ. ಅವರು ತಕ್ಷಣ ಉತ್ತರ ಕೊಡಲಿಲ್ಲ. "ನೀನು ಓಡ್ಕೊಂಡು ಹತ್ತೋ ಸದ್ದು ಕೆಳಗಿಂದಲೇ ಕೇಳಿಸ್ತಿತ್ತು ಕಣೋ. ಇನ್ನೊಂಚೂರು ನಿಧಾನವಾಗಿ ಬರಬಾರದಾ ಇವನು ಅಂತ ಅನ್ನಿಸ್ತು" ಎಂದರು.

ಅಲ್ಲಿಯವರೆಗೆ ನಾನು ಕೊನೆಯ ದೃಶ್ಯದಲ್ಲಿ ರೊಡೋಲ್ಫೊನನ್ನೇ ನೋಡುತ್ತಿದ್ದೆ. ಈಗ ಶೌನಾರ್‌ನನ್ನು ನೋಡುತ್ತೇನೆ. ಅವನು ಆ ಗುಂಪಿನ ಸಂಗೀತಗಾರ, ಮಾರಲು ಅವನ ಹತ್ತಿರ ಏನೂ ಇರಲಿಲ್ಲ. ಹಾಸಿಗೆಯ ಹತ್ತಿರ ಹೋಗಿ ಮೊದಲು ಕಂಡುಕೊಳ್ಳುವವನು ಅವನೇ. ಮಾರ್ಚೆಲ್ಲೊಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳುತ್ತಾನೆ. ಆಚೆ ಬದಿಯಲ್ಲಿ ರೊಡೋಲ್ಫೊ ಕುರ್ಚಿ ಹತ್ತಿ ನಿಂತಿದ್ದಾನೆ, ಕಿಟಕಿಯಿಂದ ಬರುವ ಬಿಸಿಲು ಮಿಮಿಯ ಮುಖದ ಮೇಲೆ ಬೀಳದಿರಲಿ ಎಂದು ಮುಸೆಟ್ಟಾಳ ಮೇಲುಹೊದಿಕೆಯನ್ನು ಅಡ್ಡ ಕಟ್ಟುತ್ತಿದ್ದಾನೆ. ಆಗ ತಾನೇ ದುಡ್ಡು ತಂದ ಕೊಲ್ಲೀನೆ ಅವನಿಗೆ ಕೈ ಕೊಡುತ್ತಾ ಹೇಗಿದ್ದಾಳೆ ಎಂದು ಕೇಳುತ್ತಾನೆ. "ನೋಡು, ಶಾಂತವಾಗಿದ್ದಾಳೆ" ಎನ್ನುತ್ತಾನೆ ರೊಡೋಲ್ಫೊ. ಶೌನಾರ್ ನಿಂತಲ್ಲೇ ನಿಂತಿರುತ್ತಾನೆ. ಆ ಬಟ್ಟೆ ಸರಿಯಾಗಿ ಕೂರದೆ ಇನ್ನೊಂದು ಸಲ ಜಾರಲಿ, ಅವನು ಅದನ್ನು ಮತ್ತೆ ಮೊದಲಿಂದ ಕಟ್ಟುವಂತಾಗಲಿ ಎಂದು ನಾನು ಪ್ರತಿ ಸಲ ಬೇಡಿಕೊಳ್ಳುತ್ತೇನೆ.